ಒಂಟಿ ಹಾದಿಯ ದಿಗಿಲು

ಭಯವೆಂಬುದು ಪ್ರಕೃತಿಯು ಮನುಷ್ಯನಿಗೆ ಕೊಟ್ಟ ಕಾವಲುಗಾರ. ಹಾವನ್ನು ಕಂಡೊಡನೆ ಕಾಲು ಹಿಂದೆ ಸರಿಯುವುದು, ಎದುರಿನಿಂದ ಲಾರಿ ನುಗ್ಗಿ ಬಂದಾಗ ಕಾಲು ತಾನಾಗಿಯೇ ಬ್ರೇಕನ್ನು ತುಳಿಯುವುದು ಈ ಕಾವಲುಗಾರನ ಎಚ್ಚರದಿಂದಲೇ. ಆದರೆ ಕಳ್ಳನೇ ಇಲ್ಲದ ಮನೆಯಲ್ಲಿ ಕಾವಲುಗಾರನು ನಟ್ಟಿರುಳಿನಲ್ಲಿ 'ಕಳ್ಳ, ಕಳ್ಳ' ಎಂದು ಕೂಗಿಕೊಂಡರೆ ಮನೆಯವರ ಪಾಡೇನು? ಎದೆ ನಡುಗುತ್ತದೆ, ನಿದ್ದೆ ಹಾರುತ್ತದೆ. ಮರುದಿನದಿಂದ ಕತ್ತಲೆಯೆಂದರೇ ಅಂಜಿಕೆ ಹುಟ್ಟುತ್ತದೆ. ಕಳ್ಳನು ಬಾರದೆಯೇ ಮನೆಯ ನೆಮ್ಮದಿ ಕಳವಾಗಿರುತ್ತದೆ.

ಇಂತಹ ಸ್ಥಿತಿಗೆ ನಮ್ಮ ಭಾಷೆಯಲ್ಲಿ 'ದಿಗಿಲು' ಎಂಬ ಸೊಗಸಾದ ಪದವಿದೆ. ಅಂಜಿಕೆಗೆ ಸಾಮಾನ್ಯವಾಗಿ ಒಂದು ಕಾರಣವಿರುತ್ತದೆ. ಇಂಥದಕ್ಕೆ ಅಂಜಿದೆನೆಂದು ಬೊಟ್ಟು ಮಾಡಿ ತೋರಿಸಬಹುದು. ದಿಗಿಲು ಹಾಗಲ್ಲ. ಅದು ಕಾರಣ ಹೇಳದೆ, ವೇಳೆ ಕೇಳದೆ ಬಂದು ಬಡಿಯುತ್ತದೆ. ವೈದ್ಯರು ಇದನ್ನು 'ಪ್ಯಾನಿಕ್ ಅಟ್ಯಾಕ್' ಎಂದು ಕರೆಯುತ್ತಾರೆ. ಕಾರಿನಲ್ಲಿ ಒಬ್ಬರೇ ಹೋಗುತ್ತಿರುವಾಗ ಇದು ಬಡಿದರೆ ಏನಾಗುತ್ತದೆ, ಆಗ ಏನು ಮಾಡಬೇಕು, ಬಿಟ್ಟುಹೋದ ಹಾದಿಯನ್ನು ಮರಳಿ ಹಿಡಿಯುವುದು ಹೇಗೆ ಎಂಬುದನ್ನು ಇಲ್ಲಿ ವಿಚಾರ ಮಾಡೋಣ.

ಈ ವಿಚಾರವನ್ನು ನಾನು ಓದಿನಿಂದ ಮಾತ್ರ ತಿಳಿದವನಲ್ಲ. ನಾನು ದಾವಣಗೆರೆಯಲ್ಲಿ ಅಧ್ಯಾಪಕ. ನನ್ನ ತಾಯಿಯವರು ಹಾವೇರಿಯಲ್ಲಿ ಇದ್ದರು. ಹಿಂದೆ ರಾಷ್ಟ್ರೀಯ ಹೆದ್ದಾರಿ 4 ಎಂದೂ ಈಗ 48 ಎಂದೂ ಕರೆಯಲ್ಪಡುವ ಪುಣೆ–ಬೆಂಗಳೂರು ಮಾರ್ಗವೇ ನಮ್ಮಿಬ್ಬರ ನಡುವಿನ ಹಾದಿ. ಹರಿಹರ ದಾಟಿ, ತುಂಗಭದ್ರೆಯನ್ನು ದಾಟಿ, ಚಳಗೇರಿಯ ಟೋಲ್, ರಾಣೇಬೆನ್ನೂರು, ಮೋಟೆಬೆನ್ನೂರುಗಳ ಮೇಲೆ ಹಾಯ್ದು ಪ್ರತಿ ಶನಿವಾರ ಮಧ್ಯಾಹ್ನ ಒಬ್ಬನೇ ಹೋಗಿ ಭಾನುವಾರ ಸಂಜೆ ಮರಳುವುದು ಹಲವು ವರ್ಷಗಳ ರೂಢಿಯಾಗಿತ್ತು. 2018ರ ಮಳೆಗಾಲದ ಒಂದು ಶನಿವಾರ ಹೊಳೆಯ ಸೇತುವೆಯ ಮೇಲೆ ಹೃದಯವು ಇದ್ದಕ್ಕಿದ್ದಂತೆ ಡೋಲಿನಂತೆ ಬಡಿಯತೊಡಗಿತು. ಉಸಿರು ಸಾಲದಾಯಿತು. ಬೆರಳುಗಳಲ್ಲಿ ಜೋಮು, ಅಂಗೈಯಲ್ಲಿ ಬೆವರು. ಎದುರಿನ ರಸ್ತೆಯು ಗಾಜಿನಾಚೆಯ ಚಿತ್ರದಂತೆ ದೂರವಾಗಿ ತೋರಿತು. ಇದೇ ಕೊನೆಯ ಗಳಿಗೆಯೆಂದು ಮನಸ್ಸು ತೀರ್ಮಾನಿಸಿಬಿಟ್ಟಿತು. ಸೇತುವೆ ದಾಟಿ ಎಡಕ್ಕೆ ಗಾಡಿ ನಿಲ್ಲಿಸಿದೆ. ಊಟಕ್ಕೆಂದು ಅಲ್ಲಿ ನಿಂತಿದ್ದ ಲಾರಿಯ ಚಾಲಕರೊಬ್ಬರು ನೀರು ಕೊಟ್ಟು, ಇನ್ನೊಂದು ವಾಹನದಲ್ಲಿ ಆಸ್ಪತ್ರೆಗೆ ಕಳುಹಿಸಿದರು. ಇಸಿಜಿ ಸರಿಯಾಗಿತ್ತು, ರಕ್ತಪರೀಕ್ಷೆಯೂ ಸರಿಯಾಗಿತ್ತು. ಹೃದಯವು ಗಟ್ಟಿಯಾಗಿದೆಯೆಂದು ವೈದ್ಯರು ಬೆನ್ನು ತಟ್ಟಿದರು.

ಹೃದಯವು ಗಟ್ಟಿಯಾಗಿತ್ತು, ಆದರೆ ಹಾದಿ ಸಡಿಲವಾಗತೊಡಗಿತು. ಮೂರು ವಾರಗಳ ತರುವಾಯ ಟೋಲಿನ ಸಾಲಿನಲ್ಲಿ ಅದೇ ದಿಗಿಲು ಬಂತು. ಮತ್ತೊಮ್ಮೆ ಮನೆಯ ಮುಂದೆ ಗಾಡಿಯ ಕೀಲಿ ತಿರುಗಿಸುವಾಗಲೇ ಬಂತು. ಮೊದಲು ಸೇತುವೆ ಬಿಟ್ಟುಹೋಯಿತು, ಬಳಿಕ ಹೆದ್ದಾರಿ, ಬಳಿಕ ಊರಿನ ಹೊರವರ್ತುಲದ ರಸ್ತೆ. ನಾಲ್ಕು ತಿಂಗಳ ಹೊತ್ತಿಗೆ ನನ್ನ ಕಾರು ಮನೆಯಿಂದ ಕಾಲೇಜಿನವರೆಗಿನ ಮೂರು ಕಿಲೋಮೀಟರಿಗೆ ಬಂದು ನಿಂತಿತು. ಹಾವೇರಿಯ ಮನೆಯಲ್ಲಿ ತಾಯಿಯವರು ಶನಿವಾರದ ಮಧ್ಯಾಹ್ನಗಳಲ್ಲಿ ಎರಡು ರೊಟ್ಟಿ ಹೆಚ್ಚಿಗೆ ಬಡಿಯುವುದನ್ನು ನಿಲ್ಲಿಸಿರಲಿಲ್ಲ. ಬಸ್ಸಿನಲ್ಲಿಯೋ ಬೇರೆಯವರ ಗಾಡಿಯಲ್ಲಿಯೋ ಯಾವಾಗಲಾದರೊಮ್ಮೆ ಹೋಗುತ್ತಿದ್ದೆ. ಆದರೆ ಅವರಿಗೆ ನಡುರಾತ್ರಿ ಏನಾದರೂ ಆದರೆ ಮಗನು ಬಂದು ಸೇರುವನೆಂಬ ಭರವಸೆ ಇಬ್ಬರಲ್ಲಿಯೂ ಉಳಿಯಲಿಲ್ಲ.

ಈ ದಿಗಿಲಿನಿಂದ ಆಗುವ ನಿಜವಾದ ನಷ್ಟವು ಎದೆ ಬಡಿದುಕೊಳ್ಳುವ ಆ ಹತ್ತು ನಿಮಿಷವಲ್ಲ. ಆ ಹತ್ತು ನಿಮಿಷಕ್ಕೆ ಅಂಜಿ ನಾವು ಬಿಟ್ಟುಕೊಡುವ ಹಾದಿಗಳು, ಆ ಹಾದಿಗಳ ಕೊನೆಯಲ್ಲಿ ನಮಗಾಗಿ ಕಾಯುವ ಜನರು, ಇವೇ ನಿಜವಾದ ನಷ್ಟ.

ವಚನಗಳನ್ನು ಓದುವವರಿಗೆ ಒಂದು ಮಾತನ್ನು ಪದಪದವಾಗಿ ಬಿಡಿಸಿ ಅದರ ಒಳಗನ್ನು ನೋಡುವ ಅಭ್ಯಾಸವಿರುತ್ತದೆ. ಅದೇ ಅಭ್ಯಾಸವನ್ನು ದಿಗಿಲಿನ ಮಾತಿಗೂ ಅನ್ವಯಿಸಿ ನೋಡಬಹುದು. ಹೆದ್ದಾರಿಯಲ್ಲಿ ದಿಗಿಲು ಬಡಿದಾಗ ಮನಸ್ಸು ಆಡುವ ಮಾತು ಎಲ್ಲರಲ್ಲಿಯೂ ಹೆಚ್ಚುಕಡಿಮೆ ಒಂದೇ: 'ನನಗೆ ಏನೋ ಆಗುತ್ತಿದೆ, ನಾನು ಒಬ್ಬನೇ ಇದ್ದೇನೆ, ತಪ್ಪಿಸಿಕೊಳ್ಳಬೇಕು.' ಈ ಮೂರು ಮಾತುಗಳನ್ನು ಒಂದೊಂದಾಗಿ ಬಿಡಿಸೋಣ.

ಮೊದಲನೆಯ ಮಾತು: 'ಏನೋ ಆಗುತ್ತಿದೆ.' ಈ ಮಾತಿನಲ್ಲಿ ಅರ್ಧ ಸತ್ಯವಿದೆ. ದೇಹದಲ್ಲಿ ಆಗುತ್ತಿರುವುದು ನಿಜ, ಅದು ಕಲ್ಪನೆಯಲ್ಲ. ಅಪಾಯವನ್ನು ಎದುರಿಸಲು ಅಥವಾ ಓಡಲು ದೇಹವು ಸಿದ್ಧವಾಗುವ ಬಗೆಯನ್ನು ಅಮೆರಿಕದ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ ಅವರು 1915ರಲ್ಲಿಯೇ ವಿವರಿಸಿದರು. ಮಿದುಳಿನಲ್ಲಿರುವ ಅಮಿಗ್ಡಲಾ ಎಂಬ ಸಣ್ಣ ಭಾಗವು ಅಪಾಯದ ಗಂಟೆ ಬಾರಿಸುತ್ತದೆ. ಮೂತ್ರಪಿಂಡದ ಮೇಲಿನ ಗ್ರಂಥಿಗಳಿಂದ ಅಡ್ರಿನಲಿನ್ ರಕ್ತಕ್ಕೆ ಇಳಿಯುತ್ತದೆ. ತೊಡೆ ತೋಳುಗಳಿಗೆ ರಕ್ತ ಹರಿಸಲು ಹೃದಯ ವೇಗವಾಗಿ ಬಡಿಯುತ್ತದೆ, ಹೆಚ್ಚು ಗಾಳಿಗಾಗಿ ಉಸಿರು ಏರುತ್ತದೆ, ಮೈ ತಂಪಾಗಿಡಲು ಬೆವರು ಸುರಿಯುತ್ತದೆ. ಓಡಬೇಕಾದವನಿಗೆ ಇವೆಲ್ಲವೂ ಉಪಕಾರ. ಆದರೆ ಸೀಟ್ ಬೆಲ್ಟ್ ಕಟ್ಟಿಕೊಂಡು ಕುಳಿತವನು ಓಡುವುದೆಲ್ಲಿಗೆ? ಬಳಕೆಯಾಗದ ಆ ಶಕ್ತಿಯೇ ನಡುಕವಾಗಿ ಕಾಣಿಸಿಕೊಳ್ಳುತ್ತದೆ.

ಇನ್ನು ಜೋಮು, ತಲೆ ಹಗುರಾಗುವಿಕೆ, ಜಗತ್ತು ದೂರವಾದಂತೆ ತೋರುವಿಕೆ. ಇವು ಬಹುಮಟ್ಟಿಗೆ ಅತಿಯಾದ ಉಸಿರಾಟದ ಫಲ. ಬೇಗಬೇಗ ಉಸಿರಾಡಿದಾಗ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ಮಿದುಳಿನ ರಕ್ತನಾಳಗಳು ತುಸು ಕಿರಿದಾಗುತ್ತವೆ. ವಿಚಿತ್ರವೆಂದರೆ, ಗಾಳಿ ಹೆಚ್ಚಾಗಿರುವಾಗಲೇ ಗಾಳಿ ಸಾಲದೆಂಬ ಭಾವನೆ ಹುಟ್ಟುತ್ತದೆ! 'ಎಚ್ಚರ ತಪ್ಪಿ ಗಾಡಿ ಹೊಳೆಗೆ ಬಿದ್ದರೆ?' ಎಂಬುದು ಚಾಲಕನ ಬಹು ದೊಡ್ಡ ಅಂಜಿಕೆ. ಮೂರ್ಛೆ ಹೋಗಬೇಕಾದರೆ ಸಾಮಾನ್ಯವಾಗಿ ರಕ್ತದೊತ್ತಡ ಕುಸಿಯಬೇಕು. ದಿಗಿಲಿನಲ್ಲಿ ಅದು ಸಾಮಾನ್ಯವಾಗಿ ಏರುತ್ತದೆ. ಆದುದರಿಂದ ದಿಗಿಲಿನಲ್ಲಿ ಎಚ್ಚರ ತಪ್ಪಿದಂತೆ ಅನಿಸುವವರು ಬಹಳ. ನಿಜವಾಗಿ ಎಚ್ಚರ ತಪ್ಪುವವರು ವಿರಳ. ಈ ಅಲೆಯು ಕೆಲವೇ ನಿಮಿಷಗಳಲ್ಲಿ ತುದಿಗೇರಿ ತಾನಾಗಿಯೇ ಇಳಿಯುತ್ತದೆ.

ಹಾಗಾದರೆ ಉಳಿದರ್ಧ ಸುಳ್ಳು ಯಾವುದು? ಆಗುತ್ತಿರುವುದಕ್ಕೆ ಮನಸ್ಸು ಕೊಡುವ ಅರ್ಥವೇ ಸುಳ್ಳು. ಎದೆ ಬಡಿತಕ್ಕೆ 'ಇದು ಹೃದಯಾಘಾತ' ಎಂಬ ಅರ್ಥ, ತಲೆ ಹಗುರಾದುದಕ್ಕೆ 'ಇದು ಸಾವು' ಎಂಬ ಅರ್ಥ. ಆ ಅರ್ಥದಿಂದ ಭಯ ಹೆಚ್ಚುತ್ತದೆ, ಭಯದಿಂದ ಬಡಿತ ಹೆಚ್ಚುತ್ತದೆ, ಬಡಿತದಿಂದ ಆ ಅರ್ಥ ಇನ್ನೂ ಗಟ್ಟಿಯಾಗುತ್ತದೆ. ಈ ಗಾಣದ ಸುತ್ತನ್ನು ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞ ಡೇವಿಡ್ ಕ್ಲಾರ್ಕ್ ಅವರು 1986ರಲ್ಲಿ ಸ್ಪಷ್ಟವಾಗಿ ಬಿಡಿಸಿ ತೋರಿಸಿದರು. ಗಾಣವನ್ನು ನಿಲ್ಲಿಸಲು ಎತ್ತನ್ನು ಹೊಡೆಯಬೇಕಾಗಿಲ್ಲ, ಕೊರಳಿನ ನೊಗವನ್ನು ಕಳಚಿದರೆ ಸಾಕು. ಇಲ್ಲಿ ನೊಗವೆಂದರೆ ಆ ತಪ್ಪು ಅರ್ಥ.

ಆದರೆ ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಮೊದಲ ಬಾರಿ ಇಂತಹ ಲಕ್ಷಣ ಕಂಡವರು 'ಇದು ದಿಗಿಲಷ್ಟೇ' ಎಂದು ತಾವೇ ತೀರ್ಮಾನಿಸಬಾರದು. ಎದೆನೋವು ತೋಳಿಗೋ ದವಡೆಗೋ ಹಬ್ಬಿದರೆ, ನೋವು ಇಳಿಯದಿದ್ದರೆ, ನಿಜವಾಗಿ ಎಚ್ಚರ ತಪ್ಪಿದರೆ ತಡಮಾಡದೆ 108 ಅಥವಾ 112ಕ್ಕೆ ಕರೆ ಮಾಡಬೇಕು. ಹೃದಯದ ಲಯದ ದೋಷ, ಥೈರಾಯ್ಡ್ ಅಧಿಕವಾಗುವುದು, ರಕ್ತಹೀನತೆ, ಮಧುಮೇಹದ ಔಷಧಿಯಿಂದ ಸಕ್ಕರೆ ಇಳಿಯುವುದು, ಇವೂ ದಿಗಿಲಿನಂತೆಯೇ ತೋರಬಹುದು. ಇವು ಯಾವುವೂ ಇಲ್ಲವೆಂದು ವೈದ್ಯರು ಪರೀಕ್ಷಿಸಿ ಹೇಳಿದ ಮೇಲೆ ಆ ಮಾತನ್ನು ನಂಬುವುದೇ ಚಿಕಿತ್ಸೆಯ ಮೊದಲ ಮೆಟ್ಟಿಲು.

ಎರಡನೆಯ ಮಾತು: 'ಒಬ್ಬನೇ ಇದ್ದೇನೆ.' ಜೊತೆಯಲ್ಲಿ ಯಾರಾದರೂ ಕುಳಿತಿದ್ದರೆ ಇದೇ ಸೇತುವೆಯನ್ನು ಇದೇ ಮನುಷ್ಯನು ಹಾಡುತ್ತ ದಾಟುತ್ತಾನೆ. ಪಕ್ಕದಲ್ಲಿ ಕುಳಿತವನು ವೈದ್ಯನೇ ಆಗಬೇಕಿಲ್ಲ, ಹತ್ತು ವರ್ಷದ ಬಾಲಕನಾದರೂ ಸಾಕು. ಇದು ಇಂದಿನ ಸಂಗತಿಯಲ್ಲ. ಬರ್ಲಿನ್ ನಗರದ ವೈದ್ಯ ಕಾರ್ಲ್ ವೆಸ್ಟ್‌ಫಾಲ್ ಅವರು 1871ರಲ್ಲಿ ಬಯಲು ಚೌಕಗಳನ್ನು ಒಬ್ಬರೇ ದಾಟಲಾರದ ರೋಗಿಗಳ ಕುರಿತು ಬರೆದು, ಆ ಸ್ಥಿತಿಗೆ 'ಅಗೊರಫೋಬಿಯಾ' ಎಂದು ಹೆಸರಿಟ್ಟರು. ಜೊತೆಗೊಬ್ಬರಿದ್ದರೆ, ಕಡೆಗೆ ಕೈಯಲ್ಲಿ ಒಂದು ಕೋಲಿದ್ದರೂ, ಆ ರೋಗಿಗಳ ಅಂಜಿಕೆ ಇಳಿಯುತ್ತಿತ್ತು. ಆಗ ಹೆದ್ದಾರಿಯೂ ಇರಲಿಲ್ಲ, ಕಾರೂ ಇರಲಿಲ್ಲ. ದಿಗಿಲು ಮಾತ್ರ ಇದೇ ಆಗಿತ್ತು.

ವಾಹನ ನಡೆಸುವವನ ಒಂಟಿತನಕ್ಕೆ ಇನ್ನೊಂದು ಮುಖವಿದೆ. ನಡೆಯುವವನು ಬೇಕಾದಲ್ಲಿ ಕೂರಬಲ್ಲ. ಹೆದ್ದಾರಿಯಲ್ಲಿ ನಡುವೆ ವಿಭಜಕ, ಪಕ್ಕದಲ್ಲಿ ತಡೆಬೇಲಿ, ಹಿಂದೆ ಹಾರ್ನ್ ಬಾರಿಸುವ ಬಸ್ಸು. ಹಿಂತಿರುಗಲು ಮುಂದಿನ ತಿರುವಿನವರೆಗೆ ಹೋಗಲೇಬೇಕು. ಆದುದರಿಂದಲೇ ಸೇತುವೆ, ಮೇಲ್ಸೇತುವೆ, ಟೋಲಿನ ಸಾಲು, ಘಾಟಿಯ ತಿರುವುಗಳಲ್ಲಿ ದಿಗಿಲು ಹೆಚ್ಚು. ಅಂಜಿಕೆ ರಸ್ತೆಯದಲ್ಲ, ಬೇಕೆಂದಾಗ ಹೊರಬರಲಾರೆನೆಂಬ ಭಾವನೆಯದು. ಈ ಭಾವನೆಗೆ ಮನಸ್ಸು ನಾನಾ ಊರುಗೋಲುಗಳನ್ನು ಹುಡುಕುತ್ತದೆ: ಸದಾ ತೊಡೆಯ ಮೇಲೆ ಫೋನು, ಎರಡು ಬಾಟಲಿ ನೀರು, ಕಿಸೆಯಲ್ಲಿ ಮಾತ್ರೆ, ದಾರಿಯ ಆಸ್ಪತ್ರೆಗಳ ಲೆಕ್ಕ. ಇವು ಕ್ಷಣಕಾಲ ಸಮಾಧಾನ ಕೊಡುತ್ತವೆ. ಆದರೆ ಕ್ಷೇಮವಾಗಿ ತಲುಪಿದ ಮೇಲೆ ಮನಸ್ಸು ಅದರ ಕೀರ್ತಿಯನ್ನು ನಮಗೆ ಕೊಡದೆ ಊರುಗೋಲಿಗೆ ಕೊಟ್ಟುಬಿಡುತ್ತದೆ.

ಮೂರನೆಯ ಮಾತು: 'ತಪ್ಪಿಸಿಕೊಳ್ಳಬೇಕು.' ದಿಗಿಲಿನ ಬೇರು ಇರುವುದು ಇಲ್ಲಿ. ಸೇತುವೆಗೆ ಮೊದಲೇ ಗಾಡಿ ತಿರುಗಿಸಿದವನಿಗೆ ಕೂಡಲೇ ಹಾಯೆನಿಸುತ್ತದೆ. ಆ ಹಾಯೇ ಮನಸ್ಸಿಗೆ ಪಾಠವಾಗುತ್ತದೆ: 'ತಿರುಗಿದ್ದರಿಂದ ಬದುಕಿದೆ, ಸೇತುವೆ ನಿಜವಾಗಿಯೂ ಅಪಾಯ.' ಮರುವಾರ ಅಂಜಿಕೆ ಒಂದು ಮೈಲಿ ಮುಂಚಿತವಾಗಿ ಎದುರುಗೊಳ್ಳುತ್ತದೆ. ತಪ್ಪಿಸಿಕೊಂಡಷ್ಟೂ ಹಾದಿ ಕಿರಿದಾಗುತ್ತದೆ.

ಇದಕ್ಕೆ ವಿರುದ್ಧವಾದ ದಾರಿಯನ್ನು ಸರಳ ಮಾತುಗಳಲ್ಲಿ ಹೇಳಿದವರು ಆಸ್ಟ್ರೇಲಿಯಾದ ವೈದ್ಯೆ ಕ್ಲೇರ್ ವೀಕ್ಸ್. ತಾರುಣ್ಯದಲ್ಲಿ ತಾವೇ ಎದೆಬಡಿತದ ಭಯದಿಂದ ನೊಂದವರು ಅವರು. 1962ರಲ್ಲಿ ಪ್ರಕಟವಾದ ಅವರ ಪುಸ್ತಕದ ಸಾರ ನಾಲ್ಕು ಮಾತು: ಎದುರಾಗು, ಒಪ್ಪಿಕೋ, ತೇಲು, ಕಾಲಕ್ಕೆ ಬಿಡು. ಇವುಗಳಲ್ಲಿ 'ತೇಲು' ಎಂಬುದು ಬಹು ಅರ್ಥವತ್ತಾದುದು. ಹೊಳೆಯಲ್ಲಿ ಬಿದ್ದವನು ಕೈಕಾಲು ಬಡಿದಷ್ಟೂ ಮುಳುಗುತ್ತಾನೆ, ಮೈ ಸಡಿಲಿಸಿದವನನ್ನು ನೀರೇ ಎತ್ತಿ ಹಿಡಿಯುತ್ತದೆ. ದಿಗಿಲಿನೊಡನೆ ಕುಸ್ತಿ ಮಾಡುವುದು ಧೈರ್ಯವಲ್ಲ. ಅದು ಬಂದಿದೆಯೆಂದು ಅರಿತು, ಬರಲು ಬಿಟ್ಟು, ಹೋಗಲು ಬಿಡುವುದು ಧೈರ್ಯ.

ಅರಿವು ಎಷ್ಟೇ ದೊಡ್ಡದಾದರೂ ಆಚಾರಕ್ಕೆ ಇಳಿಯದಿದ್ದರೆ ಫಲವಿಲ್ಲ. ಈ ಮೇಲಿನ ವಿಚಾರಗಳನ್ನೆಲ್ಲ ನಾನು ಒಂದು ವಾರದಲ್ಲಿ ಓದಿ ತಿಳಿದೆ. ಸೇತುವೆಯನ್ನು ಒಬ್ಬನೇ ದಾಟಲು ಐದು ತಿಂಗಳು ಹಿಡಿಯಿತು. ಮನೋವೈದ್ಯರ ಸಲಹೆಯಂತೆ ಔಷಧಿಯೂ, ಚಿಕಿತ್ಸಾ ಮನಶ್ಶಾಸ್ತ್ರಜ್ಞೆಯೊಬ್ಬರ ಮಾರ್ಗದರ್ಶನವೂ ನಡೆದವು. ಅವರು ಮೊದಲು ತಮ್ಮ ಕೊಠಡಿಯಲ್ಲಿಯೇ ನನ್ನನ್ನು ಬೇಕೆಂತಲೇ ಒಂದು ನಿಮಿಷ ಜೋರಾಗಿ ಉಸಿರಾಡಿಸಿದರು, ಮೆಟ್ಟಿಲು ಹತ್ತಿಸಿ ಇಳಿಸಿದರು, ಕುರ್ಚಿಯಲ್ಲಿ ಕೂರಿಸಿ ತಿರುಗಿಸಿದರು. ಹೊಳೆಯ ಮೇಲೆ ಸಾವೆಂದು ತೋರಿದ ಅದೇ ಜೋಮು, ಅದೇ ಬಡಿತ ಆ ಕೊಠಡಿಯಲ್ಲಿ ಹುಟ್ಟಿ, ಎರಡು ನಿಮಿಷದಲ್ಲಿ ಅಲ್ಲಿಯೇ ಅಡಗಿದವು. ಪುಸ್ತಕ ಹೇಳಿದುದನ್ನು ಮೈ ನಂಬಿದ್ದು ಆ ದಿನ. ಇಂತಹ ಅಭ್ಯಾಸವನ್ನು ವೈದ್ಯರ ಸಮ್ಮುಖದಲ್ಲಿ ಮಾಡಬೇಕೇ ಹೊರತು ವಾಹನ ನಡೆಸುವಾಗ ಎಂದಿಗೂ ಕೂಡದು.

ಬಳಿಕ ಒಂದು ಏಣಿಯನ್ನು ಬರೆದುಕೊಂಡೆವು. ನಿಂತ ಕಾರಿನಲ್ಲಿ ಎಂಜಿನ್ ಚಾಲೂ ಮಾಡಿ ಹದಿನೈದು ನಿಮಿಷ ಕೂರುವುದು ಮೊದಲ ಮೆಟ್ಟಿಲು. ನಸುಕಿನಲ್ಲಿ ಊರ ಹೊರವರ್ತುಲದ ರಸ್ತೆ ಎರಡನೆಯದು. ಹರಿಹರದವರೆಗೆ ತಮ್ಮನು ಪಕ್ಕದಲ್ಲಿ, ಆಮೇಲೆ ಹಿಂದಿನ ಸೀಟಿನಲ್ಲಿ, ಆಮೇಲೆ ಬೇರೊಂದು ಗಾಡಿಯಲ್ಲಿ ಹಿಂದೆ. ಕೊನೆಗೆ ಸೇತುವೆ, ಟೋಲು, ರಾಣೇಬೆನ್ನೂರು. ಅಂಜಿಕೆ ಪೂರ್ತಿ ಹೋದ ಮೇಲೆ ಮುಂದಿನ ಮೆಟ್ಟಿಲೆಂದಲ್ಲ. ಅಂಜಿಕೆಯೊಡನೆ ಇರಲು ಬಂದ ಮೇಲೆ ಮುಂದಿನ ಮೆಟ್ಟಿಲು. ಕೆಲವು ವಾರ ಒಂದು ಮೆಟ್ಟಿಲು ಹಿಂದೆ ಬಂದದ್ದೂ ಉಂಟು. ಆಗೆಲ್ಲ ತಾಯಿಯವರು ಫೋನಿನಲ್ಲಿ 'ಅವಸರ ಮಾಡಬ್ಯಾಡಪ್ಪ, ರೊಟ್ಟಿ ಎಲ್ಲಿಗೂ ಹೋಗಂಗಿಲ್ಲ' ಎನ್ನುತ್ತಿದ್ದರು. ಗೆದ್ದು ಬಾ ಎನ್ನಲಿಲ್ಲ, ಬರಬೇಡವೆಂದೂ ಅನ್ನಲಿಲ್ಲ. 2019ರ ಬೇಸಿಗೆಯಿಂದ 2021ರಲ್ಲಿ ಅವರು ತೀರಿಕೊಳ್ಳುವವರೆಗೆ, ಲಾಕ್‌ಡೌನಿನ ದಿನಗಳನ್ನು ಬಿಟ್ಟರೆ, ಶನಿವಾರಗಳು ತಪ್ಪಲಿಲ್ಲ. ಅವರ ಕೊನೆಯ ರಾತ್ರಿ ಕರೆ ಬಂದಾಗ ಒಂದೂವರೆ ಗಂಟೆಯಲ್ಲಿ ಅವರ ಹಾಸಿಗೆಯ ಬಳಿ ಇದ್ದೆ. ಅಂದು ಎದೆ ಬಡಿಯಲಿಲ್ಲವೆಂದಲ್ಲ. ಬಡಿಯುತ್ತಿದ್ದ ಎದೆಯೊಡನೆಯೇ ಹೋಗಿ ಮುಟ್ಟಿದೆ.

ಇದೇ ಕಷ್ಟದಲ್ಲಿರುವ ಓದುಗರಿಗಾಗಿ ಹಾದಿಯಲ್ಲಿ ಅನುಸರಿಸಬೇಕಾದ ಕೆಲವು ಸಂಗತಿಗಳನ್ನು ಹೇಳುತ್ತೇನೆ. ದಿಗಿಲು ಏರತೊಡಗಿದಾಗ ಥಟ್ಟನೆ ಬ್ರೇಕ್ ಹಾಕಬಾರದು. ಸೇತುವೆಯ ಮೇಲೆ, ತಿರುವಿನಲ್ಲಿ, ವಾಹನಗಳ ಹಾದಿಯಲ್ಲಿ ನಿಲ್ಲಿಸಬಾರದು. ವೇಗ ತಗ್ಗಿಸಿ, ಸೂಚಕ ಹಾಕಿ ಎಡಕ್ಕೆ ಬಂದು, ಸರ್ವಿಸ್ ರಸ್ತೆಯೋ ಪೆಟ್ರೋಲ್ ಬಂಕೋ ಸಿಕ್ಕಲ್ಲಿ ನಿಲ್ಲಿಸಿ. ಅದು ಸಿಗುವವರೆಗೆ ಸ್ಟೀರಿಂಗಿನ ಮೇಲಿನ ಬಿಗಿಮುಷ್ಟಿ ಸಡಿಲಿಸಿ, ದೃಷ್ಟಿಯನ್ನು ದೂರದ ರಸ್ತೆಯಲ್ಲಿಟ್ಟು, ಉಸಿರನ್ನು ಒಳಗೆಳೆದುದಕ್ಕಿಂತ ನಿಧಾನವಾಗಿ ಹೊರಗೆ ಬಿಡಿ. ನಾಲ್ಕು ಎಣಿಸುವಷ್ಟು ಒಳಗೆ, ಆರು ಎಣಿಸುವಷ್ಟು ಹೊರಗೆ. ಕಣ್ಣು ಮುಚ್ಚುವುದು ಗಾಡಿ ನಿಂತ ಮೇಲೆಯೇ. ಕಾಗದದ ಚೀಲದಲ್ಲಿ ಉಸಿರಾಡುವ ಹಳೆಯ ಉಪಾಯವನ್ನು ವೈದ್ಯರು ಈಗ ಹೇಳುವುದಿಲ್ಲ. ಹೃದಯ ಅಥವಾ ಶ್ವಾಸಕೋಶದ ತೊಂದರೆ ಇದ್ದವರಿಗೆ ಅದು ಅಪಾಯ. ಅಲೆ ಇಳಿದ ಮೇಲೆ, ಮೈ ಸ್ವಾಧೀನದಲ್ಲಿದ್ದರೆ, ಸ್ವಲ್ಪ ದೂರವಾದರೂ ಹೊರಟ ದಿಕ್ಕಿಗೇ ಮುಂದುವರಿಯಿರಿ. ಸುರಕ್ಷಿತವಾಗಿ ನಿಲ್ಲುವುದು ಬೇರೆ, ತಪ್ಪಿಸಿಕೊಂಡು ಓಡುವುದು ಬೇರೆ. ಗಾಡಿ ನಡೆಸುವ ಸ್ಥಿತಿಯಲ್ಲಿ ಇಲ್ಲದಿದ್ದರೆ ಹೆದ್ದಾರಿಯ ಸಹಾಯವಾಣಿ 1033 ಇದೆ; ನೆರವು ಕೇಳುವುದರಲ್ಲಿ ಕುಂದಿಲ್ಲ. ಖಾಲಿ ಹೊಟ್ಟೆ, ನಿದ್ದೆಗೇಡು, ಮೇಲಿಂದ ಮೇಲೆ ಚಹಾ ಕಾಫಿ, ಇವು ದಿಗಿಲಿಗೆ ಒಣಸೌದೆಯಿದ್ದಂತೆ.

ಔಷಧಿಯ ಕುರಿತು ನಮ್ಮಲ್ಲಿ ಸಂಕೋಚ ಬಹಳ. ಎಸ್‌ಎಸ್‌ಆರ್‌ಐ ಎಂಬ ವರ್ಗದ ಮಾತ್ರೆಗಳು ಈ ತೊಂದರೆಗೆ ಬಳಕೆಯಲ್ಲಿವೆ. ಅವು ಫಲ ಕೊಡಲು ಕೆಲವು ವಾರಗಳು ಬೇಕು, ವೈದ್ಯರನ್ನು ಕೇಳದೆ ನಡುವೆ ನಿಲ್ಲಿಸಬಾರದು. ಬೆಂಜೊಡಯಾಜಪೈನ್ ವರ್ಗದ ಶಮನಕಾರಿ ಮಾತ್ರೆಗಳು ಬೇಗ ಸಮಾಧಾನ ಕೊಡುತ್ತವೆಯಾದರೂ ಮಂಪರು ತರುತ್ತವೆ, ರೂಢಿಯಾಗಿಬಿಡುತ್ತವೆ; ಅವನ್ನು ನುಂಗಿ ಗಾಡಿ ನಡೆಸುವುದು ದಿಗಿಲಿಗಿಂತಲೂ ಅಪಾಯಕರ. ಜಿಲ್ಲಾ ಆಸ್ಪತ್ರೆಗಳ ಮಾನಸಿಕ ಆರೋಗ್ಯ ವಿಭಾಗಗಳಲ್ಲಿ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆ ಚಿಕಿತ್ಸೆಯಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲಿರುಳೆನ್ನದೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಮನೆಯವರಿಗೂ ಒಂದು ಮಾತು. ದಿಗಿಲು ಪಡುವವರಿಗೆ 'ಇಷ್ಟಕ್ಕೆಲ್ಲ ಹೆದರುವುದೇ?' ಎನ್ನಬೇಡಿ, 'ಭಕ್ತಿ ಸಾಲದು, ಮನಸ್ಸು ದುರ್ಬಲ' ಎಂದೂ ಎಣಿಸಬೇಡಿ. ಮಂತ್ರ ಹೇಳಿಕೊಳ್ಳುವವರಿಗೆ ಅದು ಸಮಾಧಾನ ಕೊಡಬಹುದು, ಸಂತೋಷ. ಆದರೆ ಅದು ಚಿಕಿತ್ಸೆಗೆ ಬದಲಿಯಲ್ಲ. ಇನ್ನು ಅತಿಯಾದ ಮರುಕದಿಂದ ಅವರ ಕೀಲಿಯನ್ನು ನೀವೇ ತೆಗೆದುಕೊಂಡು ಎಲ್ಲೆಡೆಗೂ ಕರೆದೊಯ್ಯುವುದೂ ಉಪಕಾರವಲ್ಲ. ಏಣಿಯ ಪಕ್ಕದಲ್ಲಿ ನಿಲ್ಲಿ, ಹತ್ತುವುದನ್ನು ಅವರಿಗೆ ಬಿಡಿ.

ನನಗೆ ಈಗಲೂ ವರ್ಷಕ್ಕೊಂದೆರಡು ಸಲ ದಿಗಿಲು ಬರುವುದುಂಟು. ಅದು ಇನ್ನು ಬಾರದೆಂದು ಯಾವ ವೈದ್ಯರೂ ಮಾತು ಕೊಟ್ಟಿಲ್ಲ, ನಾನೂ ಕೇಳಿಲ್ಲ. ಆತ್ಮೀಯರೇ, ಭಯವಿಲ್ಲದ ಹಾದಿಯನ್ನು ಹುಡುಕುತ್ತ ಕುಳಿತರೆ ಆಯುಷ್ಯವೇ ಸಾಲದು. ನಿಮ್ಮ ಭಯವು ಕಸಿದುಕೊಂಡಿರುವ ಹಾದಿ ಯಾವುದು, ಅದರ ಕೊನೆಯಲ್ಲಿ ಯಾರಿದ್ದಾರೆ ಎಂಬುದನ್ನು ಇಂದೇ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಅದರ ಕೆಳಗೆ ಮೊದಲ ಮೆಟ್ಟಿಲನ್ನೂ ಬರೆಯಿರಿ. ಆ ಮೆಟ್ಟಿಲು ನಿಂತ ಕಾರಿನಲ್ಲಿ ಕೂರುವಷ್ಟು ಚಿಕ್ಕದಾದರೂ ಅಡ್ಡಿಯಿಲ್ಲ.